ನುಂಗಿದ ಗುಳಿಗೆ ಎಲ್ಲಿಗೆ ಹೋಗುತ್ತದೆ?

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಆವರಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಆರೋಗ್ಯದ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಒಂದಿಷ್ಟು ಮಾತಾಡಿರಿ ಎಂದು ಮಹೋತ್ಸವ ಸಮಿತಿಯವರು ಹೇಳಿದ್ದಾರೆ. ನಾನು ಔಷಧಶಾಸ್ತ್ರ ಕಲಿಸುವವನು. ರೋಗಿಯ ನಾಡಿ ಹಿಡಿದು ಚೀಟಿ ಬರೆಯುವ ಕೆಲಸ ನನ್ನದಲ್ಲ. ವೈದ್ಯರು ಬರೆದುಕೊಟ್ಟ ಔಷಧ ಮೈಯೊಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಓದುವುದು, ಓದಿಸುವುದು ನನ್ನ ಕೆಲಸ. ಆದ್ದರಿಂದ ಇಡೀ ಆರೋಗ್ಯದ ಮೇಲೆ ಮಾತಾಡದೆ, ಒಂದೇ ಒಂದು ಗುಳಿಗೆಯ ಹಿಂದೆ ಹೋಗೋಣ ಎಂದುಕೊಂಡಿದ್ದೇನೆ.

ಈಚೆಗೆ ಊರಿಗೆ ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಸ್ಕ್ಯಾನಿಂಗ್ ವರದಿ ಹಿಡಿದುಕೊಂಡು ಬರುತ್ತಾರೆ. ಹೊಟ್ಟೆನೋವಿಗೋ, ಕಿಡ್ನಿಯಲ್ಲಿ ಕಲ್ಲಿದೆಯೇ ನೋಡಲಿಕ್ಕೋ ಸ್ಕ್ಯಾನ್ ಮಾಡಿಸಿರುತ್ತಾರೆ. ಕಲ್ಲು ಇರುವುದಿಲ್ಲ. ಆದರೆ ಕೆಳಗೆ ಒಂದು ಸಾಲು ಇರುತ್ತದೆ: ಗ್ರೇಡ್ 1 ಫ್ಯಾಟಿ ಲಿವರ್. ಇದನ್ನು ಓದಿದವರಲ್ಲಿ ಎರಡು ಬಗೆಯ ಜನ. ಮೊದಲನೆಯವರು, "ಈಗ ಎಲ್ಲಾರಿಗೂ ಬರತೈತಿ ಬಿಡ್ರಿ" ಎಂದು ವರದಿಯನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಾರೆ. ಎರಡನೆಯವರು ಗಾಬರಿಯಾಗಿ, "ಲಿವರಿಗೆ ಕೊಬ್ಬು ಬಂದೈತಂತ್ರಿ, ಬಿಪಿ ಗುಳಿಗಿ ಬಿಟ್ಟುಬಿಡ್ಲೇನ್ರಿ?" ಎಂದು ಕೇಳುತ್ತಾರೆ.

ಮಡಚಿ ಇಡುವುದೂ ತಪ್ಪು, ಗುಳಿಗೆ ಬಿಡುವುದೂ ತಪ್ಪು. ಯಾಕೆ ತಪ್ಪು ಎನ್ನುವುದೇ ನನ್ನ ಇವತ್ತಿನ ಮಾತು.

ನಾವು ಗುಳಿಗೆ ನುಂಗಿ ನೀರು ಕುಡಿಯುತ್ತೇವೆ. ತಲೆನೋವಿಗೆ ನುಂಗಿದರೆ ಅದು ನೇರವಾಗಿ ತಲೆಗೆ ಹೋಗುತ್ತದೆ, ಮೊಣಕಾಲು ನೋವಿಗೆ ನುಂಗಿದರೆ ಮೊಣಕಾಲಿಗೆ ಹೋಗುತ್ತದೆ ಎಂದು ನಮ್ಮ ಮನಸ್ಸಿನಲ್ಲಿ ಇರುತ್ತದೆ. ಹಾಗಲ್ಲ. ಗುಳಿಗೆ ಹೊಟ್ಟೆಯಲ್ಲಿ ಕರಗಿ, ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಕರುಳಿನಿಂದ ಹೊರಟ ಆ ರಕ್ತ ಮೊದಲು ಹೋಗುವುದು ಹೃದಯಕ್ಕಲ್ಲ, ಯಕೃತ್ತಿಗೆ. ಮಕ್ಕಳು ಪಾಠದಲ್ಲಿ ಓದುವ ಪಿತ್ತಜನಕಾಂಗ, ಊರಿನ ಮಾತಿನ ಲಿವರ್, ಎಲ್ಲ ಅದೇ. ಬಲಗಡೆ ಪಕ್ಕೆಲುಬಿನ ಕೆಳಗೆ ಕೂತಿರುವ, ಹೆಚ್ಚು ಕಡಿಮೆ ಒಂದೂವರೆ ಕಿಲೋ ತೂಕದ ಅಂಗ. ನಾವು ತಿಂದ ರೊಟ್ಟಿ, ಕುಡಿದ ಚಹಾ, ನುಂಗಿದ ಗುಳಿಗೆ ಎಲ್ಲವೂ ಬಹುಪಾಲು ಈ ಚೆಕ್‌ಪೋಸ್ಟ್ ದಾಟಿಯೇ ಮುಂದೆ ಹೋಗಬೇಕು.

ಅಲ್ಲಿ ಏನು ನಡೆಯುತ್ತದೆ? ಎಣ್ಣೆ ಹತ್ತಿದ ಕೈಯನ್ನು ಬರೀ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗುವುದಿಲ್ಲ. ಸಾಬೂನೋ ಸೀಗೆಪುಡಿಯೋ ಬೇಕು. ಬಹಳಷ್ಟು ಔಷಧಗಳು ಹೀಗೆಯೇ ಎಣ್ಣೆಯ ಗುಣದವು. ಎಣ್ಣೆಯ ಗುಣ ಇರುವುದರಿಂದಲೇ ಅವು ಜೀವಕೋಶದ ಒಳಗೆ ಸುಲಭವಾಗಿ ಹೋಗುತ್ತವೆ. ಆದರೆ ಅದೇ ಕಾರಣಕ್ಕೆ ಮೂತ್ರದಲ್ಲಿ ಕರಗಿ ಹೊರಗೆ ಹೋಗುವುದಿಲ್ಲ. ಅವನ್ನು ಹಾಗೆಯೇ ಬಿಟ್ಟರೆ ಒಂದು ಸಲ ನುಂಗಿದ ಗುಳಿಗೆ ಎಷ್ಟೋ ದಿನ ಮೈಯಲ್ಲೇ ಸುತ್ತುತ್ತಿರುತ್ತದೆ. ಯಕೃತ್ತು ಅವನ್ನು ನೀರಿನಲ್ಲಿ ಕರಗುವಂತೆ ಬದಲಾಯಿಸುತ್ತದೆ. ಆಮೇಲೆ ಅವು ಮೂತ್ರದಲ್ಲೋ ಪಿತ್ತದ ಜೊತೆ ಮಲದಲ್ಲೋ ಹೊರಗೆ ಹೋಗುತ್ತವೆ.

ಈ ಕೆಲಸ ಮಾಡುವ ಕೂಲಿಗಳಿಗೆ ಕಿಣ್ವಗಳು ಎಂದು ಹೆಸರು. ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲನೆಯ ಹಂತದ ಕಿಣ್ವಗಳು ಔಷಧದ ಅಣುವನ್ನು ಒಂದು ಕಡೆ ಕೆತ್ತಿ, ಅದಕ್ಕೊಂದು ಹಿಡಿ ಮಾಡುತ್ತವೆ. ಎರಡನೆಯ ಹಂತದ ಕಿಣ್ವಗಳು ಆ ಹಿಡಿಗೆ ನೀರಿನಲ್ಲಿ ಕರಗುವ ಇನ್ನೊಂದು ವಸ್ತುವನ್ನು ಕಟ್ಟಿ ಕಳಿಸುತ್ತವೆ. ಮೊದಲ ಹಂತದ ದೊಡ್ಡ ಕುಟುಂಬದ ಹೆಸರು ಸೈಟೋಕ್ರೋಮ್ ಪಿ-450. ಹೆಸರು ಕೇಳಿ ಮಕ್ಕಳು ಹೆದರಬೇಡಿ. ಈ ವಸ್ತುವಿಗೆ ಇಂಗಾಲದ ಮೊನಾಕ್ಸೈಡ್ ಅನಿಲ ಸೇರಿಸಿ ಬೆಳಕು ಹಾಯಿಸಿದರೆ 450 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅದು ಹೆಚ್ಚು ಹೀರುತ್ತದೆ. 1962ರಲ್ಲಿ ಜಪಾನಿನ ಒಮುರ ಮತ್ತು ಸಾಟೋ ಎಂಬ ವಿಜ್ಞಾನಿಗಳು ಆ ಸಂಖ್ಯೆಯನ್ನೇ ಹೆಸರಾಗಿ ಇಟ್ಟರು. ಮನುಷ್ಯರಲ್ಲಿ ಈ ಕುಟುಂಬದ 57 ಜೀನುಗಳಿವೆ. ಅವುಗಳಲ್ಲಿ ಐದಾರು ಕಿಣ್ವಗಳೇ ನಮ್ಮ ಹೆಚ್ಚಿನ ಔಷಧಗಳ ಕೆಲಸ ಮಾಡಿ ಮುಗಿಸುತ್ತವೆ.

ಈ ವಿದ್ಯೆ ಬರೀ ಹೊರದೇಶದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೋವಿಂದರಾಜನ್ ಪದ್ಮನಾಭನ್ ಅವರು ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದರು. ಮೂರ್ಛೆರೋಗಕ್ಕೆ ಕೊಡುವ ಫಿನೊಬಾರ್ಬಿಟೋನ್ ಎಂಬ ಔಷಧವನ್ನು ಇಲಿಗೆ ಕೊಟ್ಟರೆ, ಅದರ ಯಕೃತ್ತಿನಲ್ಲಿ ಪಿ-450 ಕಿಣ್ವ ಹೆಚ್ಚು ಹೆಚ್ಚು ತಯಾರಾಗುತ್ತದೆ. ಅದು ಹೇಗೆ ಆಗುತ್ತದೆ, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಅಂಶವಾದ ಹೀಮ್‌ಗೆ ಅದರಲ್ಲಿ ಏನು ಪಾತ್ರ ಎಂಬುದನ್ನು ಅವರು ಬಿಡಿಸಿ ತೋರಿಸಿದರು. ಮುಂದೆ 1994ರಿಂದ 1998ರವರೆಗೆ ಅದೇ ಸಂಸ್ಥೆಯ ನಿರ್ದೇಶಕರೂ ಆದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಇದೇ ಕಿಣ್ವಗಳು ಮನುಷ್ಯನ ಮೆದುಳಿನಲ್ಲಿಯೂ ಔಷಧಗಳನ್ನು ಬದಲಾಯಿಸುತ್ತವೆ ಎಂಬುದರ ಬಗ್ಗೆ ಸಂಶೋಧನೆ ಮಾಡಿದರು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಕೂಲಿಗಳ ಸಂಖ್ಯೆ ಕಲ್ಲಿನಲ್ಲಿ ಕೊರೆದ ಹಾಗೆ ಸ್ಥಿರವಾಗಿರುವುದಿಲ್ಲ. ಹೆಚ್ಚಾಗುತ್ತದೆ, ಕಡಿಮೆಯಾಗುತ್ತದೆ. ಇದು ನಮ್ಮ ರೈತರಿಗೆ ಗೊತ್ತಿರುವ ಸಂಗತಿಯೇ. 1990ರ ದಶಕದಲ್ಲಿ ಹತ್ತಿ ಬೆಳೆದವರಿಗೆ ಕಾಯಿಕೊರಕದ ಕಾಟ ನೆನಪಿರುತ್ತದೆ. ಮೊದಲು ಒಂದೇ ಸಲ ಹೊಡೆದರೆ ಉದುರುತ್ತಿದ್ದ ಹುಳು, ಆಮೇಲಾಮೇಲೆ ನಾಲ್ಕು ಸಲ ಹೊಡೆದರೂ ಸಾಯಲಿಲ್ಲ. ಔಷಧದಲ್ಲಿ ಕಲಬೆರಕೆ ಎಂದು ಅಂಗಡಿಯವರ ಜೊತೆ ಜಗಳ ಆಡಿದವರೂ ಇದ್ದಾರೆ. ಕಲಬೆರಕೆ ಇದ್ದಿರಬಹುದು. ಆದರೆ ಇನ್ನೊಂದು ದೊಡ್ಡ ಕಾರಣ ಹುಳುವಿನ ಹೊಟ್ಟೆಯಲ್ಲೇ ಇತ್ತು. ಹುಳುವಿನಲ್ಲಿಯೂ ಪಿ-450 ಕಿಣ್ವಗಳಿವೆ. ಯಾವ ಹುಳುವಿನಲ್ಲಿ ಅವು ಹೆಚ್ಚಾಗಿದ್ದವೋ ಅದು ನಾವು ಹೊಡೆದ ಔಷಧವನ್ನು ಮುರಿದು ಹಾಕಿ ಬದುಕಿತು, ಅದರ ಸಂತತಿಯೇ ಹೊಲ ತುಂಬಿತು. ಔಷಧ ಅದೇ, ಪ್ರಮಾಣ ಅದೇ. ಅದನ್ನು ಎದುರುಗೊಳ್ಳುವ ಮೈ ಬದಲಾಗಿತ್ತು.

ಮನುಷ್ಯರ ಮೈಯೂ ಬದಲಾಗುತ್ತದೆ. ಹಾಗೆ ಬದಲಾಗಲು ಇವತ್ತಿನ ದಿನ ನಮ್ಮ ನಡುವೆ ಬಹಳ ಸಾಮಾನ್ಯವಾಗಿರುವ ಒಂದು ಕಾರಣ ಈ ಫ್ಯಾಟಿ ಲಿವರ್.

ಯಕೃತ್ತಿನ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಕೋಶಗಳಲ್ಲಿ ಕೊಬ್ಬಿನ ಹನಿ ತುಂಬಿದ್ದರೆ ಅದಕ್ಕೆ ಫ್ಯಾಟಿ ಲಿವರ್ ಎನ್ನುತ್ತಾರೆ. ಹೆಂಡ ಕುಡಿಯುವವರಿಗೆ ಮಾತ್ರ ಬರುತ್ತದೆ ಎಂಬ ಕಾಲ ಹೋಯಿತು. ಒಂದು ಹನಿ ಮುಟ್ಟದವರಿಗೂ ಬರುತ್ತದೆ. "ನಾನು ಎಣ್ಣೆ ಪದಾರ್ಥ ತಿನ್ನೂದ ಇಲ್ರಿ" ಎನ್ನುವವರಿಗೂ ಬರುತ್ತದೆ. ಯಾಕೆಂದರೆ ಹೆಚ್ಚಾದ ಅನ್ನ, ಸಕ್ಕರೆ, ಮೈದಾ ಇವನ್ನೆಲ್ಲ ಯಕೃತ್ತು ತಾನೇ ಕೊಬ್ಬಾಗಿ ಮಾರ್ಪಡಿಸಿ ಇಟ್ಟುಕೊಳ್ಳುತ್ತದೆ. ದಿನಕ್ಕೆ ಆರು ಕಪ್ ಸಕ್ಕರೆ ಚಹಾ ಕುಡಿದು, ಗಾಡಿಯ ಮೇಲೆ ಹೊಲಕ್ಕೆ ಹೋಗಿ ಗಾಡಿಯ ಮೇಲೆ ಬಂದರೆ ಉಳಿದದ್ದು ಎಲ್ಲಿಗೆ ಹೋಗಬೇಕು? ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದವರಲ್ಲಿ ಇದು ಹೆಚ್ಚು. ನೋಡಲಿಕ್ಕೆ ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಲ್ಲಿಯೂ ಇರುತ್ತದೆ.

ಭಾರತದಲ್ಲಿ ಸಾಮಾನ್ಯ ಜನರಲ್ಲಿ ನೂರಕ್ಕೆ 9ರಿಂದ 32 ಜನಕ್ಕೆ ಇದು ಇರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆಯ ಅಂದಾಜು. 2021ರ ಫೆಬ್ರುವರಿಯಲ್ಲಿ ಸರ್ಕಾರವು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಫ್ಯಾಟಿ ಲಿವರನ್ನೂ ಸೇರಿಸಿತು. 2023ರಲ್ಲಿ ಜಗತ್ತಿನ ವೈದ್ಯರೆಲ್ಲ ಸೇರಿ ಇದರ ಇಂಗ್ಲಿಷ್ ಹೆಸರನ್ನೇ ಬದಲಿಸಿದರು. ಇದು ಬರೀ ಯಕೃತ್ತಿನ ಕೊಬ್ಬಲ್ಲ, ಇಡೀ ಮೈಯ ಚಯಾಪಚಯ ಹದ ತಪ್ಪಿದ್ದರ ಗುರುತು ಎಂದು ಹೇಳುವುದು ಆ ಹೊಸ ಹೆಸರಿನ ಉದ್ದೇಶ.

ಹೆಚ್ಚಿನವರಲ್ಲಿ ಇದು ಬರೀ ಕೊಬ್ಬಾಗಿಯೇ ಉಳಿಯುತ್ತದೆ. ಕೆಲವರಲ್ಲಿ ಅದರ ಜೊತೆ ಉರಿಯೂತ ಸೇರುತ್ತದೆ. ಇನ್ನೂ ಕೆಲವರಲ್ಲಿ ವರ್ಷಗಳು ಕಳೆದಂತೆ ಯಕೃತ್ತು ಗಾಯದ ಕಲೆಯಂತೆ ಗಟ್ಟಿಯಾಗಿ ಸಿರೋಸಿಸ್ ಆಗುತ್ತದೆ. ಈ ಮೂರು ಮೆಟ್ಟಿಲುಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಕಿಣ್ವಗಳ ವಿಷಯಕ್ಕೆ ಬರೋಣ. ನಮ್ಮ ಕಡೆ ಸುಗ್ಗಿಯಲ್ಲಿ ಕಣ ಹೇಗೆ ಇರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಕಣ ಇರುವುದು ರಾಶಿ ಮಾಡಲಿಕ್ಕೆ. ತುಂಬಿದ ಚೀಲಗಳನ್ನು ಮನೆಗೆ ಸಾಗಿಸದೆ ಕಣದಲ್ಲೇ ಒಟ್ಟುತ್ತಾ ಹೋದರೆ ಮುಂದಿನ ರಾಶಿ ಎಲ್ಲಿ ಮಾಡುತ್ತೀರಿ? ಆಳುಗಳು ಚೀಲದ ಸಂದಿಯಲ್ಲಿ ಓಡಾಡಬೇಕು. ಕೆಲವರು ಕೆಲಸ ಬಿಟ್ಟು ಕೂರುತ್ತಾರೆ. ಇನ್ನು ಕೆಲವರಿಗೆ ಚೀಲ ಎತ್ತಿ ಹಾಕುವುದೇ ಕೆಲಸವಾಗುತ್ತದೆ. ಕೊಬ್ಬು ತುಂಬಿದ ಯಕೃತ್ತಿನಲ್ಲಿ ಹೆಚ್ಚು ಕಡಿಮೆ ಹೀಗೆಯೇ ಆಗುತ್ತದೆ. ಎಲ್ಲ ಕಿಣ್ವಗಳೂ ಒಂದೇ ಸಮ ಸೊರಗುವುದಿಲ್ಲ. ಕೆಲವು ಕಡಿಮೆಯಾಗುತ್ತವೆ, ಒಂದೆರಡು ಹೆಚ್ಚಾಗುತ್ತವೆ. ತೊಂದರೆ ಇರುವುದೇ ಇದರಲ್ಲಿ.

ಕಡಿಮೆಯಾಗುವುದರಲ್ಲಿ ಮುಖ್ಯವಾದದ್ದು ಸಿವೈಪಿ3ಎ4. ನಾವು ಬಳಸುವ ಔಷಧಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಇದರ ಕೈ ತಗಲುತ್ತದೆ. ಉರಿಯೂತ ಶುರುವಾದಾಗ ರಕ್ತದಲ್ಲಿ ಹರಿದಾಡುವ ಕೆಲವು ಸಂದೇಶವಾಹಕ ವಸ್ತುಗಳು ಈ ಕಿಣ್ವದ ತಯಾರಿಕೆಯನ್ನೇ ತಗ್ಗಿಸುತ್ತವೆ. ಆಪರೇಷನ್ನಿಗೆ ಮುಂಚೆ ಮಂಪರು ಬರಿಸಲು ಕೊಡುವ ಮಿಡಾಜೋಲಮ್ ಎಂಬ ಔಷಧ ಮುರಿಯುವುದು ಇದೇ ಕಿಣ್ವದಿಂದ. ಆದ್ದರಿಂದ ಈ ಕಿಣ್ವದ ಬಲವನ್ನು ಅಳೆಯಲು ಅದನ್ನೇ ಅಳತೆಗೋಲಾಗಿ ಬಳಸುತ್ತಾರೆ. 2015ರಲ್ಲಿ ಕೆನಡಾದ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರಿಗೂ ಉರಿಯೂತದ ಹಂತದ ಫ್ಯಾಟಿ ಲಿವರ್ ಇದ್ದವರಿಗೂ ಅದನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಕಾಯಿಲೆ ಇದ್ದವರ ರಕ್ತದಲ್ಲಿ ಅದರ ಮಟ್ಟ ಎರಡು ಪಟ್ಟಿಗೂ ಹೆಚ್ಚಿತ್ತು. ಅದೇ ಔಷಧ, ಅದೇ ಪ್ರಮಾಣ. ಹುಳುವಿನ ಕತೆಯನ್ನು ತಿರುಗಿಸಿ ಹೇಳಿದ ಹಾಗೆ. ಹುಳುವಿನಲ್ಲಿ ಕಿಣ್ವ ಹೆಚ್ಚಾಗಿ ಔಷಧ ಸೋತಿತು. ಇಲ್ಲಿ ಕಿಣ್ವ ಕಡಿಮೆಯಾಗಿ ಔಷಧ ಹೆಚ್ಚು ಹೊತ್ತು ಉಳಿಯಿತು.

ಸಿವೈಪಿ2ಸಿ19 ಎಂಬ ಇನ್ನೊಂದು ಕಿಣ್ವವೂ ತಗ್ಗುತ್ತದೆ. ಇದರ ಲೆಕ್ಕ ಬೇರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಕ್ಲೊಪಿಡೋಗ್ರೆಲ್ ಗುಳಿಗೆ ಕೊಡುತ್ತಾರೆ. ನುಂಗುವಾಗ ಅದು ಇನ್ನೂ ಔಷಧವೇ ಅಲ್ಲ, ಹಸಿ ಗಡಿಗೆ ಇದ್ದ ಹಾಗೆ. ಯಕೃತ್ತಿನಲ್ಲಿ ಈ ಕಿಣ್ವದ ಆವಿಗೆಯಲ್ಲಿ ಸುಟ್ಟ ಮೇಲೆಯೇ ಅದು ಗಡಿಗೆಯಾಗುವುದು. ಹುಟ್ಟಿನಿಂದಲೇ ಈ ಕಿಣ್ವ ಮಂದವಾಗಿರುವವರು ನಮ್ಮ ದೇಶದಲ್ಲಿ ಬಹಳ ಜನ ಇದ್ದಾರೆ. ಅದರ ಮೇಲೆ ಕೊಬ್ಬೂ ಸೇರಿದರೆ ಇಂಥ ಗುಳಿಗೆಯ ಬಲ ಕಡಿಮೆಯಾಗುವ ಸಂಭವ ಇರುತ್ತದೆ. ಹೃದಯದ ವೈದ್ಯರಿಗೆ ಇದು ಗೊತ್ತು. ನಿಮ್ಮ ಫ್ಯಾಟಿ ಲಿವರ್ ವಿಷಯವೂ ಅವರಿಗೆ ಗೊತ್ತಿರಬೇಕು, ಅಷ್ಟೇ.

ಹೆಚ್ಚಾಗುವ ಕಿಣ್ವ ಸಿವೈಪಿ2ಇ1. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಆದರೂ ರೋಗಿಗಳ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ ಇದು ಹೆಚ್ಚಾಗಿದ್ದು ಕಂಡಿದೆ. ಕೊಬ್ಬಿನ ಆಮ್ಲಗಳನ್ನು ಸುಡುವ ಕೆಲಸದಲ್ಲಿ ಇದಕ್ಕೂ ಪಾಲಿದೆ, ಆದ್ದರಿಂದ ಕೊಬ್ಬು ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಇನ್ಸುಲಿನ್ ಇದನ್ನು ಹತೋಟಿಯಲ್ಲಿ ಇಡುತ್ತದೆ. ಇನ್ಸುಲಿನ್ನಿನ ಮಾತು ಮೈ ಕೇಳದಿದ್ದಾಗ ಆ ಹತೋಟಿ ತಪ್ಪುತ್ತದೆ. ಹೆಂಡ ಕುಡಿದರೂ ಇದು ಹೆಚ್ಚುತ್ತದೆ, ಉಪವಾಸ ಬಿದ್ದರೂ ಹೆಚ್ಚುತ್ತದೆ. ಹೆಚ್ಚಾದರೆ ಒಳ್ಳೆಯದಲ್ಲವೇ, ಔಷಧ ಬೇಗ ಕರಗುತ್ತದಲ್ಲ ಎಂದು ನೀವು ಕೇಳಬಹುದು. ಇಲ್ಲ. ಈ ಕಿಣ್ವ ಕೆಲಸ ಮಾಡುವಾಗ ಕಿಡಿ ಹಾರಿಸುತ್ತದೆ. ಕೆಲವು ಔಷಧಗಳನ್ನು ಅದು ವಿಷವಾಗಿಯೇ ಬದಲಾಯಿಸುತ್ತದೆ. ಇದಕ್ಕೆ ಉದಾಹರಣೆ ನಮ್ಮ ಪ್ರತಿ ಮನೆಯ ಗೂಡಿನಲ್ಲಿರುವ ಪ್ಯಾರಾಸಿಟಮಾಲ್.

ನಾವು ನುಂಗಿದ ಪ್ಯಾರಾಸಿಟಮಾಲ್‌ನ ಬಹುಪಾಲು ಎರಡನೆಯ ಹಂತದ ಕಿಣ್ವಗಳ ಕೈಯಿಂದ ನಿರುಪದ್ರವಿಯಾಗಿ ಹೊರಗೆ ಹೋಗುತ್ತದೆ. ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ ಸಿವೈಪಿ2ಇ1ರ ಕೈಗೆ ಸಿಕ್ಕಿ ಒಂದು ವಿಷವಾಗುತ್ತದೆ. ಯಕೃತ್ತಿನಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಇರುತ್ತದೆ. ಅದು ಆ ವಿಷವನ್ನು ಹಿಡಿದು ಕಟ್ಟಿ ಹಾಕುತ್ತದೆ. ಸರಿಯಾದ ಪ್ರಮಾಣದಲ್ಲಿ ನುಂಗಿದರೆ ಇದು ದಿನವೂ ಸುಸೂತ್ರವಾಗಿ ನಡೆಯುತ್ತದೆ, ಯಕೃತ್ತಿನ ಕಾಯಿಲೆ ಇದ್ದವರಲ್ಲಿಯೂ ನಡೆಯುತ್ತದೆ. ನೋವಿನ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಇವತ್ತಿಗೂ ಬಹಳ ಸುರಕ್ಷಿತವಾದದ್ದು. ಆದರೆ ಲೆಕ್ಕ ತಪ್ಪಬಾರದು.

ಮಕ್ಕಳೇ, ಒಂದು ಲೆಕ್ಕ ಮಾಡಿ. ಒಬ್ಬರಿಗೆ ಜ್ವರ ಬಂದಿದೆ ಎಂದುಕೊಳ್ಳಿ. ದವಾಖಾನೆಯಲ್ಲಿ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ದಿನಕ್ಕೆ ನಾಲ್ಕು ಸಲ ಎಂದು ಬರೆದಿದ್ದಾರೆ. 2600 ಆಯಿತು. ಮೂಗು ಸೋರುತ್ತದೆ ಎಂದು ಅಂಗಡಿಯಿಂದ ನೆಗಡಿ ಗುಳಿಗೆ ತಂದು ದಿನಕ್ಕೆ ಮೂರು ನುಂಗಿದರು. ಅದರ ಒಂದೊಂದರಲ್ಲಿಯೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇತ್ತು. 1500 ಸೇರಿಸಿ. ಸೊಂಟನೋವಿಗೆ ಮೊದಲಿನಿಂದ ಇದ್ದ ಗುಳಿಗೆ ಎರಡು, ಒಂದೊಂದರಲ್ಲಿ 325. ಇನ್ನೊಂದು 650. ಒಟ್ಟು ಎಷ್ಟಾಯಿತು? 4750. ಆರೋಗ್ಯವಂತ ದೊಡ್ಡವರಿಗೆ ಒಂದು ದಿನದ ಗರಿಷ್ಠ ಮಿತಿ 4000. ಮೂರು ಬೇರೆ ಬೇರೆ ಗುಳಿಗೆ, ಮೂರು ಬೇರೆ ಬೇರೆ ಬಣ್ಣ, ಒಳಗಿದ್ದ ಔಷಧ ಒಂದೇ. ಈ ಮನುಷ್ಯರಿಗೆ ಫ್ಯಾಟಿ ಲಿವರ್ ಇದೆ, ಜ್ವರಕ್ಕೆ ಎರಡು ದಿನ ಏನೂ ಉಂಡಿಲ್ಲ, ಮೈನೋವು ಹೋಗಲೆಂದು ರಾತ್ರಿ ಸ್ವಲ್ಪ ಕುಡಿದಿದ್ದಾರೆ ಎಂದು ಸೇರಿಸಿ ನೋಡಿ. ಊಟವಿಲ್ಲದೆ ಗ್ಲುಟಾಥಯೋನ್ ಕಡಿಮೆಯಾಗಿದೆ, ವಿಷ ಮಾಡುವ ಕಿಣ್ವ ಹೆಚ್ಚಾಗಿದೆ. ಇಂಥ ಹೊತ್ತಿನಲ್ಲಿ ಯಕೃತ್ತು ಸೋಲುತ್ತದೆ. ದಿನವೂ ಕುಡಿಯುವವರಿಗೆ, ಯಕೃತ್ತು ಬಹಳ ಕೆಟ್ಟವರಿಗೆ ವೈದ್ಯರು ಮಿತಿಯನ್ನು ಸಾಮಾನ್ಯವಾಗಿ 2000ಕ್ಕೆ ಇಳಿಸುವುದು ಇದೇ ಕಾರಣಕ್ಕೆ.

ಪ್ರಮಾಣ ಮೀರಿದ್ದು ಗೊತ್ತಾದರೆ ಕಾಮಾಲೆ ಬರಲಿ, ಆಮೇಲೆ ನೋಡೋಣ ಎಂದು ಕಾಯಬಾರದು. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದು ಇದೆ. ಅದು ಗ್ಲುಟಾಥಯೋನನ್ನು ಮತ್ತೆ ತುಂಬಿಸುತ್ತದೆ. ಎಂಟು ಗಂಟೆಯೊಳಗೆ ಸಿಕ್ಕರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಹೊತ್ತಿನಲ್ಲಿ ಬೇಕಾದದ್ದು ಕಾಮಾಲೆಯ ನಾಟಿ ಔಷಧವಲ್ಲ, ಆಸ್ಪತ್ರೆಯ ದಾರಿ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಗುಳಿಗೆ ಬಿಡುವುದೇ ಲೇಸು ಎಂದು ಯಾರಾದರೂ ಎದ್ದು ಹೋದರೆ ನನ್ನ ಮಾತು ಕೆಟ್ಟ ಹಾಗೆ. ಆದ್ದರಿಂದ ಇನ್ನೊಂದು ಮುಖವನ್ನೂ ಹೇಳುತ್ತೇನೆ. ನಾನು ಆಗ ಹೇಳಿದ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದರಲ್ಲಿ, ಅಂದರೆ ಬರೀ ಕೊಬ್ಬು ಇರುವವರಲ್ಲಿ, ಸಾಮಾನ್ಯ ಗುಳಿಗೆಗಳ ಪ್ರಮಾಣವನ್ನು ವೈದ್ಯರು ಬದಲಾಯಿಸುವುದಿಲ್ಲ. ಬದಲಾಯಿಸುವ ಅಗತ್ಯವೂ ಬಹುತೇಕ ಇರುವುದಿಲ್ಲ. ಸಿರೋಸಿಸ್ ಹಂತದಲ್ಲಿ ಹಲವು ಔಷಧಗಳನ್ನು ಕಡಿಮೆ ಮಾಡಬೇಕಾಗುತ್ತದೆ, ಕೆಲವನ್ನು ನಿಲ್ಲಿಸಬೇಕಾಗುತ್ತದೆ. ನೀವು ಯಾವ ಮೆಟ್ಟಿಲಿನ ಮೇಲೆ ಇದ್ದೀರಿ ಎಂದು ಹೇಳಬೇಕಾದವರು ವೈದ್ಯರು, ಸ್ಕ್ಯಾನಿಂಗ್ ವರದಿಯ ಒಂದು ಸಾಲಲ್ಲ.

ಎಲ್ಲ ಗುಳಿಗೆಯೂ ಯಕೃತ್ತಿನ ಮೇಲೆ ಭಾರ ಹಾಕುವುದಿಲ್ಲ. ಸಕ್ಕರೆ ಕಾಯಿಲೆಗೆ ನಮ್ಮಲ್ಲಿ ಬಹಳ ಜನ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಯಕೃತ್ತಿನಲ್ಲಿ ಮುರಿಯುವುದೇ ಇಲ್ಲ, ಇದ್ದ ಹಾಗೆಯೇ ಕಿಡ್ನಿಯಿಂದ ಹೊರಗೆ ಹೋಗುತ್ತದೆ. ಅದಕ್ಕೇ ಅದನ್ನು ಕೊಡುವಾಗ ವೈದ್ಯರು ಕಿಡ್ನಿಯ ಪರೀಕ್ಷೆ ಮಾಡಿಸುತ್ತಾರೆ. ಕೊಲೆಸ್ಟರಾಲ್‌ಗೆ ಕೊಡುವ ಸ್ಟಾಟಿನ್ ಗುಳಿಗೆ ಲಿವರ್ ಕೆಡಿಸುತ್ತದೆ ಎಂದು ಎಷ್ಟೋ ಜನ ತಾವಾಗಿಯೇ ಬಿಡುತ್ತಾರೆ. ಫ್ಯಾಟಿ ಲಿವರ್ ಇದ್ದವರಲ್ಲಿ ಸ್ಟಾಟಿನ್ ಸುರಕ್ಷಿತ ಎಂಬುದು ಈಗ ವೈದ್ಯರೆಲ್ಲ ಒಪ್ಪಿದ ಮಾತು. ಫ್ಯಾಟಿ ಲಿವರ್ ಇದ್ದವರು ಹೆಚ್ಚಾಗಿ ಸಾಯುವುದು ಲಿವರಿನಿಂದಲ್ಲ, ಹೃದಯಾಘಾತದಿಂದ. ಲಿವರಿಗೆ ಹೆದರಿ ಹೃದಯದ ಗುಳಿಗೆ ಬಿಟ್ಟರೆ ಬೆಕ್ಕಿಗೆ ಹೆದರಿ ಹುಲಿಯ ಬಾಯಿಗೆ ಹೋದ ಹಾಗೆ.

ಕ್ಷಯರೋಗದ ಗುಳಿಗೆಗಳ ಬಗ್ಗೆ ಒಂದು ಮಾತು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಯಕೃತ್ತಿಗೆ ತೊಂದರೆ ಕೊಡಬಲ್ಲವು. ರಿಫಾಂಪಿಸಿನ್ ಸಿವೈಪಿ3ಎ4ನ್ನು ಜೋರಾಗಿ ಹೆಚ್ಚಿಸುತ್ತದೆ. ಹಾಗಾಗಿ ಜೊತೆಗೆ ತೆಗೆದುಕೊಳ್ಳುವ ಬೇರೆ ಗುಳಿಗೆಗಳು, ಗರ್ಭನಿರೋಧಕ ಗುಳಿಗೆ ಸಹ, ಬಲ ಕಳೆದುಕೊಳ್ಳಬಹುದು. ಆದರೂ ಕ್ಷಯದ ಔಷಧವನ್ನು ನಡುವೆ ಬಿಡುವ ಹಾಗಿಲ್ಲ. ಶುರು ಮಾಡುವಾಗಲೇ ಫ್ಯಾಟಿ ಲಿವರ್ ಇದೆ ಎಂದು ಹೇಳಿ. ವಾಂತಿ, ಹಸಿವು ಇಲ್ಲದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ಅದೇ ದಿನ ಹೋಗಿ ತೋರಿಸಿ. ರಕ್ತಪರೀಕ್ಷೆ ಮಾಡಿ ಏನು ಮಾಡಬೇಕೆಂದು ಅವರು ಹೇಳುತ್ತಾರೆ.

ಮೈಕೈ ನೋವಿಗೆ ನಿಮೆಸುಲೈಡ್ ಗುಳಿಗೆ ಕೇಳಿ ತರುವ ರೂಢಿ ನಮ್ಮಲ್ಲಿ ಬಹಳ. ಯಕೃತ್ತಿಗೆ ಹಾನಿಯಾದ ವರದಿಗಳ ಮೇಲೆ ಕೆಲವು ದೇಶಗಳು ಅದನ್ನು ಮಾರುಕಟ್ಟೆಯಿಂದ ತೆಗೆದವು. ನಮ್ಮ ದೇಶದಲ್ಲಿ 2011ರಿಂದ 12 ವರ್ಷದೊಳಗಿನ ಮಕ್ಕಳಿಗೆ ಅದು ನಿಷೇಧ. ದೊಡ್ಡವರೂ ವೈದ್ಯರನ್ನು ಕೇಳದೆ ನುಂಗಬಾರದು. ಬೇರು, ಎಲೆ, ಕಷಾಯ ಎಂದರೆ ಏನೂ ಆಗುವುದಿಲ್ಲ ಎಂಬುದೂ ಸರಿಯಲ್ಲ. ಗಿಡದ ರಸವನ್ನೂ ಮುರಿಯುವುದು ಇವೇ ಕಿಣ್ವಗಳು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತಿನ ತೊಂದರೆ ಕಂಡಿತೆಂದು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕಷಾಯ ಕುಡಿಯುತ್ತಿದ್ದರೆ ಅದನ್ನೂ ವೈದ್ಯರ ಮುಂದೆ ಹೇಳಬೇಕು ಎಂಬುದರಲ್ಲಿ ಯಾವ ವಾದವೂ ಇಲ್ಲ.

ಹೊಲದ ಔಷಧವೂ ಇದೇ ಕಣಕ್ಕೆ ಬರುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಮೈ ಸೇರಿದಾಗ ಪಿ-450 ಕಿಣ್ವಗಳೇ ಅದನ್ನು ಇನ್ನೂ ತೀಕ್ಷ್ಣವಾದ ವಿಷವಾಗಿ ಬದಲಾಯಿಸುತ್ತವೆ. ಗೋವಿನಜೋಳಕ್ಕೆ, ಹತ್ತಿಗೆ ಹೊಡೆಯುವಾಗ ಬಾಯಿಗೆ ಬಟ್ಟೆ, ಕೈಗೆ ಗವಸು, ಹೊಡೆದ ಮೇಲೆ ಸಾಬೂನು ಹಚ್ಚಿ ಸ್ನಾನ ಎಂದು ಕೃಷಿ ಇಲಾಖೆಯವರು ಹೇಳುವುದು ಸುಮ್ಮನೆ ಅಲ್ಲ.

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಮೊದಲನೆಯದು ಕಣ ಖಾಲಿ ಮಾಡುವುದು. ಇದಕ್ಕೆ ಯಕೃತ್ತಿನಷ್ಟು ಒಳ್ಳೆಯ ಮನಸ್ಸಿನ ಅಂಗ ಇನ್ನೊಂದಿಲ್ಲ. ಮೊದಲ ಎರಡು ಮೆಟ್ಟಿಲುಗಳಿಂದ ಅದು ಹಿಂದೆ ಬರಬಲ್ಲದು. ತೂಕ ಹೆಚ್ಚಿರುವವರು ನೂರಕ್ಕೆ ಐದರಷ್ಟು ತೂಕ ಇಳಿಸಿದರೆ ಕೊಬ್ಬು ಕರಗಲು ಶುರುವಾಗುತ್ತದೆ. ಏಳರಿಂದ ಹತ್ತರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ. 80 ಕಿಲೋ ಇದ್ದವರು ಆರರಿಂದ ಎಂಟು ಕಿಲೋ, ಅದೂ ನಿಧಾನವಾಗಿ. ಉಪವಾಸ ಮಾಡಿ ಇಳಿಸುವುದಲ್ಲ. ಚಹಾದ ಸಕ್ಕರೆ, ತಂಪು ಪಾನೀಯ, ಸಂಜೆಯ ಮಿರ್ಚಿ ಭಜಿ ಕಡಿಮೆ ಮಾಡಿ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಸೊಪ್ಪು ಇವು ನಮ್ಮ ತಾಟಿನಲ್ಲಿ ಮೊದಲೇ ಇದ್ದಂಥವು, ಅವನ್ನು ಮತ್ತೆ ಕರೆಯಿರಿ. ದಿನಕ್ಕೆ ಅರ್ಧ ತಾಸು ಬೆವರು ಬರುವ ಹಾಗೆ ನಡೆಯಿರಿ. ನಮ್ಮ ದುರ್ಗಾದೇವಿ ಕೆರೆಯ ಕಡೆ ನಡೆದು ಬಂದರೂ ಸಾಕು. ಕುಡಿಯುವವರು ನಿಲ್ಲಿಸಿ.

ಎರಡನೆಯದು, ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬೇಡಿ. "ನನಗ ಇದ ನುಂಗಿದ ಮ್ಯಾಲ ಆರಾಮ ಆತು, ನೀನೂ ಒಂದು ನುಂಗವಾ" ಎನ್ನುವುದು ನಮ್ಮ ಜನರ ಪ್ರೀತಿ. ಆದರೆ ನಿಮ್ಮ ಯಕೃತ್ತಿನ ಕಿಣ್ವಗಳೇ ಬೇರೆ, ಅವರ ಯಕೃತ್ತಿನ ಕಿಣ್ವಗಳೇ ಬೇರೆ. ಪ್ರೀತಿಗೆ ಒಂದು ರೊಟ್ಟಿ ಹೆಚ್ಚು ಕೊಡಿ, ಗುಳಿಗೆ ಬೇಡ. ಗುಳಿಗೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧ ಎಂದು ಅರ್ಥ.

ಮೂರನೆಯದು, ಒಂದು ಕಾಗದದಲ್ಲಿ ನೀವು ನುಂಗುವ ಎಲ್ಲ ಗುಳಿಗೆಗಳ ಹೆಸರು ಬರೆದಿಡಿ. ಬಿಪಿಯದು, ಸಕ್ಕರೆಯದು, ಅಂಗಡಿಯಿಂದ ತಂದದ್ದು, ಪಂಡಿತರು ಕೊಟ್ಟದ್ದು ಎಲ್ಲ. ಕೆಳಗೆ "ಫ್ಯಾಟಿ ಲಿವರ್ ಇದೆ" ಎಂದು ಬರೆಯಿರಿ. ತಾಲೂಕು ಆಸ್ಪತ್ರೆಗೆ ಹೋಗಲಿ, ಹಾವೇರಿಗೆ ಹೋಗಲಿ, ಹುಬ್ಬಳ್ಳಿಗೆ ಹೋಗಲಿ, ಮೊದಲು ಆ ಕಾಗದ ಮೇಜಿನ ಮೇಲೆ ಇಡಿ. ಆಪರೇಷನ್ ಇದ್ದರೆ ಮಂಪರು ಕೊಡುವ ವೈದ್ಯರಿಗೂ ತೋರಿಸಿ.

ಇಲ್ಲಿ ಈ ಶಾಲೆಯ ಮಕ್ಕಳಿಗೆ ನಾನೊಂದು ಕೆಲಸ ಒಪ್ಪಿಸುತ್ತೇನೆ. ಗುಳಿಗೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಒಳಗಿರುವ ಔಷಧದ ಹೆಸರು, ಪ್ರಮಾಣ ಅಚ್ಚಾಗಿರುತ್ತದೆ. ನಿಮ್ಮ ಅಜ್ಜ ಅಜ್ಜಿಗೆ ಅದನ್ನು ಓದಲು ಬರುವುದಿಲ್ಲ. ನಿಮಗೆ ಬರುತ್ತದೆ. ಇವತ್ತು ಮನೆಗೆ ಹೋಗಿ ಗೂಡಿನಲ್ಲಿರುವ ಗುಳಿಗೆಗಳನ್ನೆಲ್ಲ ತೆಗೆದು, ಹೆಸರುಗಳನ್ನು ಓದಿ ಬರೆಯಿರಿ. ಒಂದೇ ಹೆಸರು ಎರಡು ಪಟ್ಟಿಯಲ್ಲಿ ಕಂಡರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಗುಳಿಗೆ ನೀವು ಬಿಡಿಸಬೇಡಿ, ಆ ಕಾಗದವನ್ನು ದವಾಖಾನೆಗೆ ಕಳಿಸಿ. ಐವತ್ತು ವರ್ಷಗಳಿಂದ ಈ ಶಾಲೆ ಅಕ್ಷರ ಕಲಿಸಿದ್ದು ಇಂಥ ಉಪಯೋಗಕ್ಕೂ ಹೌದು.